ನಿಮ್ಮ ವಿಷಾದ ನಮಗೆ ಬೇಡ

ಹಾಸ್ಟೆಲಿನ ಗೆಳೆಯರೆ, ಗೆಳತಿಯರೆ,

ಪ್ರತಿ ವರ್ಷ ಮೆಡಿಕಲ್ ಸೀಟಿನ ಪಟ್ಟಿ ಹೊರಬೀಳುವ ಹೊತ್ತಿಗೆ ನಮ್ಮ ಹಾಸ್ಟೆಲುಗಳಲ್ಲಿ ಒಂದು ಸಂಗತಿ ನಡೆಯುತ್ತದೆ. ಯಾವುದೋ ಒಂದು ರೂಮಿನ ಹುಡುಗ ಮೆಸ್ಸಿಗೆ ಬರುವುದಿಲ್ಲ. ಸಂಜೆ ಏಳಕ್ಕೇ ಕಂಬಳಿ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿರುತ್ತಾನೆ. "ಯಾಕೋ?" ಅಂದರೆ "ತಲೆನೋವು ಕಣೋ" ಅನ್ನುತ್ತಾನೆ. ಅವನ ಪಾಲಿನ ಮುದ್ದೆ ತಣ್ಣಗಾಗುತ್ತದೆ. ಹುಡುಗಿಯರ ಹಾಸ್ಟೆಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ, ನೀರಿನ ಸದ್ದಿನಲ್ಲಿ ಅಳುವ ಸದ್ದು ಕೇಳದಿರಲಿ ಅಂತ. ಏನಾಯಿತು ಅಂತ ಯಾರೂ ಕೇಳಬೇಕಾಗಿಲ್ಲ. ಕಾಗದ ಬಂದಿದೆ.

ಕಾಗದ ಅಂದರೆ ಈಗ ಪೋಸ್ಟಿನಲ್ಲೇ ಬರಬೇಕು ಅಂತಿಲ್ಲ. ಮೊಬೈಲಿನ ಪರದೆ ಮೇಲೆ 'ಸೀಟು ಹಂಚಿಕೆಯಾಗಿಲ್ಲ' ಎಂಬ ಒಂದು ಸಾಲಾಗಿ ಬರುತ್ತದೆ. ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಸೀಲು ಹೊಡೆಸಿಕೊಂಡು ಬರುತ್ತದೆ. ದಾಖಲೆ ನೋಡುವ ಟೇಬಲ್ಲಿನ ಹಿಂದೆ ಕೂತವನ ಬಾಯಿಂದ "ನೆಕ್ಸ್ಟ್" ಎಂಬ ಒಂದೇ ಶಬ್ದವಾಗಿಯೂ ಬರುತ್ತದೆ. ವೇಷ ಬೇರೆ, ಮಾತು ಒಂದೇ.

ನಮ್ಮ ಸಭೆಗಳಲ್ಲಿ ಮೀಸಲಾತಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಕಾಗದ ಓದಿದ ಹುಡುಗನ ಆ ರಾತ್ರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿ.ಎ. ಓದಿದವನು, ನಾಲ್ಕು ಪದ್ಯ ಬರೆದವನು, ಇವನಿಗೇನು ಗೊತ್ತು ಮೆಡಿಕಲ್ ವಿಚಾರ ಅನ್ನಬೇಡಿ. ಬಿ.ಎ.ಗೆ ಬರುವ ಮೊದಲು ನನಗೂ ಒಂದು ಕಾಗದ ಬಂದಿತ್ತು.

ಪಿಯುಸಿ ಮುಗಿಸಿ ನೀಟ್ ಬರೆದೆ. ಹತ್ತನೇ ಕ್ಲಾಸಿನ ತನಕ 'ದ್ಯುತಿಸಂಶ್ಲೇಷಣೆ' ಅಂತ ಉರು ಹೊಡೆದವನಿಗೆ ಪಿಯುಸಿಗೆ ಕಾಲಿಟ್ಟ ದಿನವೇ ಅದು 'ಫೋಟೋಸಿಂಥೆಸಿಸ್' ಆಗಿಹೋಯಿತು. ಎರಡು ವರ್ಷದಲ್ಲಿ ಅರ್ಧ ಕಾಲ ಇಂಗ್ಲಿಷ್ ಶಬ್ದ ಹುಡುಕುವುದರಲ್ಲೇ ಕಳೆಯಿತು. ಆದರೂ ಪರೀಕ್ಷೆ ನಡೆಸಿದವರ ಲೆಕ್ಕದಲ್ಲಿ ನಾನು 'ಅರ್ಹ'ನಾದೆ. ಸರ್ಕಾರಿ ಕಾಲೇಜಿನ ಸೀಟು ಮಾತ್ರ ನನ್ನ ರ‍್ಯಾಂಕಿನ ತನಕ ಬರಲಿಲ್ಲ. ಕೊನೇ ಸುತ್ತಿನಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಉಳಿದಿದೆ ಅಂತ ಯಾರೋ ಅಂದರು. ಅರ್ಜಿ ಹಾಕಿದೆ. ಜೊತೆಗೆ ಒಂದು ಪತ್ರ ಬರೆದೆ: ನಮ್ಮ ತಂದೆ ಕೂಲಿ ಮಾಡುತ್ತಾರೆ, ಫೀಸನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ, ಮೊದಲ ಕಂತಿಗೆ ಹದಿನೈದು ದಿನ ಪುರಸೊತ್ತು ಕೊಡಿ ಅಂತ.

ಆಗ ನಾನು ನಮ್ಮೂರಿನ ಅಣ್ಣನೊಬ್ಬನ ರೂಮಿನಲ್ಲಿದ್ದೆ. ಹಾಸ್ಟೆಲಿನ ರಿಜಿಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ವಾರ್ಡನ್ ಕಣ್ಣು ತಪ್ಪಿಸಿ, ಅಣ್ಣನ ತಟ್ಟೆಯಲ್ಲೇ ಉಂಡು, ಎರಡು ಮಂಚದ ನಡುವೆ ಚಾಪೆ ಹಾಸಿ ಮಲಗುತ್ತಿದ್ದೆ. ಹನ್ನೊಂದನೇ ದಿನ ಉತ್ತರ ಬಂತು. ಇಂಗ್ಲಿಷಿನಲ್ಲಿ ಮೂರು ವಾಕ್ಯ. ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ:

"ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ವೈದ್ಯಕೀಯ ಶಿಕ್ಷಣಕ್ಕೆ ಬೇಕಾದ ಅರ್ಹತೆ ಮತ್ತು ಗಂಭೀರತೆ ತಮ್ಮ ಪತ್ರದಲ್ಲಿ ಕಂಡುಬರುವುದಿಲ್ಲ. ತಮ್ಮ ಹಿನ್ನೆಲೆಗೆ ಹೊಂದುವ ಬೇರೆ ಕೋರ್ಸನ್ನು ಆರಿಸಿಕೊಳ್ಳುವುದು ಸೂಕ್ತ."

ನನ್ನ ಹೆಸರಿನಲ್ಲಿ ಎರಡು ತಪ್ಪಿತ್ತು. ಸಹಿ ಇರಬೇಕಾದ ಜಾಗದಲ್ಲಿ ರಬ್ಬರ್ ಸ್ಟಾಂಪು.

ಆ ಕಾಗದವನ್ನು ಟ್ರಂಕಿನ ತಳದಲ್ಲಿ, ಜಾತಿ ಸರ್ಟಿಫಿಕೇಟಿನ ಕೆಳಗೆ ಬಚ್ಚಿಟ್ಟೆ. ವಾರಕ್ಕೊಂದು ಸಲ ಅಪ್ಪ ಊರಿನಿಂದ ಫೋನು ಮಾಡಿ "ಕಾಗ್ದ ಬಂತಾ ಮಗಾ?" ಅಂತ ಕೇಳುತ್ತಿದ್ದ. "ಇನ್ನೂ ಇಲ್ಲಪ್ಪ" ಅನ್ನುತ್ತಿದ್ದೆ. ಎರಡು ತಿಂಗಳು ಹೀಗೇ ಸುಳ್ಳು ಹೇಳಿದೆ. ಸೀಟು ಸಿಗಲಿಲ್ಲ ಅಂತ ಹೇಳಲು ನನಗೆ ಭಯವಿರಲಿಲ್ಲ. ಕಾಗದದಲ್ಲಿ ನನ್ನ ಬಗ್ಗೆ ಬರೆದದ್ದು ನಿಜವಿರಬಹುದು ಅನ್ನೋ ಭಯವಿತ್ತು. ಇದು ಆ ಕಾಗದದ ವಿಷ. ಇದನ್ನೇ ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ಮೆಡಿಕಲ್ ಕಾಲೇಜಿನ ಮೊದಲ ವರ್ಷ ಹೆಣ ಕೊಯ್ದು ಪಾಠ ಕಲಿಸುತ್ತಾರಂತೆ. ನನಗೆ ಹೆಣ ಸಿಗಲಿಲ್ಲ, ಕಾಗದ ಸಿಕ್ಕಿತು. ಬನ್ನಿ, ಇದನ್ನೇ ಕೊಯ್ಯೋಣ.

ಮೊದಲ ವಾಕ್ಯ, ವಿಷಾದ. ಯಾರಿಗೆ ವಿಷಾದ? ಗುಮಾಸ್ತನಿಗೆ ವಿಷಾದವಿಲ್ಲ, ಅವನಿಗೆ ಇನ್ನೂರು ಕವರಿಗೆ ಗೋಂದು ಹಚ್ಚುವ ಕೆಲಸವಿದೆ. ಪ್ರಿನ್ಸಿಪಾಲರಿಗೆ ವಿಷಾದವಿಲ್ಲ, ಅವರು ಈ ಕಾಗದ ನೋಡಿಯೇ ಇಲ್ಲ. ಆಡಳಿತ ಮಂಡಳಿಗೆ ವಿಷಾದವಿಲ್ಲ, ಆ ಸೀಟಿಗೆ ದುಡ್ಡು ಎಣಿಸುವವನು ಬಾಗಿಲ ಹೊರಗೆ ಕಾಯುತ್ತಿದ್ದಾನೆ. ಯಾರಿಗೂ ಇಲ್ಲದ ವಿಷಾದವನ್ನು ಅಚ್ಚು ಹಾಕಿಸಿ ಕಳಿಸುತ್ತಾರೆ. ಊರಿನ ಗೌಡನ ಮನೆಯಲ್ಲಿ "ಇವತ್ತು ಇಲ್ಲ, ನಾಳೆ ಬಾ" ಅನ್ನುತ್ತಿದ್ದರು. ಅದರಲ್ಲಿ ಬೂಟಾಟಿಕೆ ಇರಲಿಲ್ಲ. ಏಕಲವ್ಯನಿಗೆ ಆಗಲ್ಲ ಅಂದ ದ್ರೋಣ ಕೂಡ ಎದುರಿಗೆ ನಿಂತು, ಮುಖ ನೋಡಿ ಹೇಳಿದ. ಇವರು ಬಾಗಿಲು ಹಾಕಿಕೊಂಡು ಒಳಗಿನಿಂದ ವಿಷಾದಿಸುತ್ತಾರೆ.

ಎರಡನೇ ವಾಕ್ಯ, ಅರ್ಹತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಕೊಯ್ಯಬೇಕು.

2024ರ ನೀಟ್ ಲೆಕ್ಕ ತಗೊಳ್ಳಿ. 23 ಲಕ್ಷಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅವರಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರು ಅಂತ ಪರೀಕ್ಷೆ ನಡೆಸಿದ ಸಂಸ್ಥೆಯೇ ಘೋಷಿಸಿತು. ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟು ಒಂದು ಲಕ್ಷದ ಮೇಲೆ ಚಿಲ್ಲರೆ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ಖಾಸಗಿಯವರ ಕೈಯಲ್ಲಿ. ಅಂದರೆ ಸರ್ಕಾರವೇ ಅರ್ಹರು ಅಂತ ಮುದ್ರೆ ಒತ್ತಿದವರಲ್ಲಿ ಹನ್ನೆರಡು ಲಕ್ಷ ಮಂದಿಗೆ ಕೂರಲು ಬೆಂಚೇ ಇರಲಿಲ್ಲ. ಈ ಹನ್ನೆರಡು ಲಕ್ಷ ಮಂದಿಯೂ ರಾತ್ರೋರಾತ್ರಿ ದಡ್ಡರಾದರೇನು? ಬೆಂಚು ಕಮ್ಮಿ ಅನ್ನುವುದನ್ನು ಬುದ್ಧಿ ಕಮ್ಮಿ ಅಂತ ಬರೆಯುವುದೇ ಈ ಕಾಗದದ ಕಸುಬು.

ಆ ಇದ್ದ ಬೆಂಚಿಗಾದರೂ ರ‍್ಯಾಂಕಿನ ಪ್ರಕಾರವೇ ಕೂರಿಸುತ್ತಾರಾ? ದುಡ್ಡಿಲ್ಲದ ಹುಡುಗಿ ಮುಂದಿನ ರ‍್ಯಾಂಕಿದ್ದರೂ ಮನೆಗೆ ಹೋಗುತ್ತಾಳೆ. ಅವಳಿಗಿಂತ ಲಕ್ಷ ರ‍್ಯಾಂಕು ಹಿಂದಿರುವವನು ಅಪ್ಪನ ಚೆಕ್ಕು ಹಿಡಿದು ಒಳಗೆ ಹೋಗುತ್ತಾನೆ. ಅವನು ಅರ್ಹ, ಅವಳು ಅಲ್ಲ. ಅದೇ 2024ರಲ್ಲಿ ಅದೇ ಪರೀಕ್ಷೆಯಲ್ಲಿ 1,563 ಮಂದಿಗೆ ಕೊಟ್ಟಿದ್ದ ಕೃಪಾಂಕವನ್ನು ವಾಪಸ್ಸು ಪಡೆಯಬೇಕಾಯಿತು. ಪಟ್ನಾದಲ್ಲಿ, ಹಜಾರಿಬಾಗಿನಲ್ಲಿ ಪ್ರಶ್ನೆಪತ್ರಿಕೆ ಸೋರಿದ್ದು ನಿಜ ಅಂತ ಸುಪ್ರೀಂ ಕೋರ್ಟೇ ಒಪ್ಪಿತು. ಇಂಥ ತಕ್ಕಡಿ ಹಿಡಿದು ಕೂತವರು ನಮ್ಮ ತೂಕ ಹೇಳುತ್ತಾರೆ.

ಇನ್ನೂ ಒಂದು ಕೇಳಿ. 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ಮೆಡಿಕಲ್ ಸೀಟುಗಳು ಖಾಲಿ ಉಳಿದವು. ಆಗ ಕೇಂದ್ರ ಸರ್ಕಾರ ಏನು ಮಾಡಿತು? ಅರ್ಹತೆಯ ಗೆರೆಯನ್ನು ಎಲ್ಲ ವರ್ಗದವರಿಗೂ ಶೂನ್ಯ ಪರ್ಸೆಂಟೈಲಿಗೆ ಇಳಿಸಿತು. ಸೊನ್ನೆ! ಪರೀಕ್ಷೆಗೆ ಕೂತಿದ್ದರೆ ಸಾಕು. ನಮಗೆ ಐದು ಮಾರ್ಕು ವಿನಾಯಿತಿ ಕೊಟ್ಟರೆ "ರೋಗಿಗಳ ಗತಿ ಏನು?" ಅಂತ ಟಿವಿಯಲ್ಲಿ ಕಣ್ಣೀರು ಹಾಕುವ ಮೆರಿಟ್ ಭಕ್ತರಲ್ಲಿ ಎಷ್ಟು ಮಂದಿ ಅವತ್ತು ಬೀದಿಗೆ ಬಂದರು? ಸೀಟು ಖಾಲಿ ಬಿದ್ದರೆ ಕಾಲೇಜಿನ ಗಲ್ಲಾ ಖಾಲಿ. ಗಲ್ಲಾ ತುಂಬಬೇಕಾದಾಗ ಅರ್ಹತೆ ಸೊನ್ನೆಗೆ ಇಳಿಯುತ್ತದೆ. ನಮ್ಮನ್ನು ಹೊರಗಿಡಬೇಕಾದಾಗ ಅದೇ ಅರ್ಹತೆ ಆಕಾಶಕ್ಕೆ ಏರುತ್ತದೆ.

ಇದು ನಿನ್ನೆ ಮೊನ್ನೆಯ ಆಟವಲ್ಲ. ನಮ್ಮ ಕರ್ನಾಟಕದ್ದೇ ಚರಿತ್ರೆ ನೋಡಿ. 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯಿದೆ ಬಂತು. 1989ರಲ್ಲಿ ಅದೇ ಕಾಯಿದೆಯ ಕೆಳಗೆ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಸರ್ಕಾರ ದರಪಟ್ಟಿ ಹೊರಡಿಸಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರಗಿನವರಾದರೆ 60,000. ಆ ಅರವತ್ತು ಸಾವಿರ ಕಟ್ಟಲಾಗದ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. ಸೀಟು ಮಾರುವುದು ಸಂವಿಧಾನಕ್ಕೆ ವಿರುದ್ಧ ಅಂತ 1992ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ, 1993ರಲ್ಲಿ, ಇನ್ನೊಂದು ತೀರ್ಪು ಬಂದು ಅರ್ಧ ಸೀಟು ಹೆಚ್ಚು ಶುಲ್ಕ ಕಟ್ಟುವವರಿಗೆ ಇರಲಿ ಅಂದಿತು. ಒಂದು ಬಾಗಿಲು ಮುಚ್ಚಿದರು, ಪಕ್ಕದಲ್ಲೇ ಇನ್ನೊಂದು ತೆರೆದರು. ಆ ಬಾಗಿಲಿಗೆ ದುಡ್ಡೇ ಬೀಗದ ಕೈ.

ಇನ್ನು ಆ 'ಗಂಭೀರತೆ'. ಈ ಶಬ್ದಕ್ಕೂ ವಂಶಾವಳಿ ಇದೆ. ಹಿಂದೆ ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಆಯ್ಕೆಯಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತ್ತು. ಅದರಲ್ಲಿ 'ವ್ಯಕ್ತಿತ್ವ'ಕ್ಕೆ ಅಂಕ, ಎನ್.ಸಿ.ಸಿ.ಗೆ ಅಂಕ, ಪಠ್ಯೇತರ ಚಟುವಟಿಕೆಗೆ ಅಂಕ. 1964ರಲ್ಲಿ ಸುಪ್ರೀಂ ಕೋರ್ಟು ಅದು ಸರಿ ಅಂದಿತು. ರಜೆಯಲ್ಲಿ ಕಳೆ ಕೀಳಲು ಹೋಗುವ ಹುಡುಗನ ಚಟುವಟಿಕೆಗೆ ಯಾವ ಕಾಲಮ್ಮಿನಲ್ಲಿ ಅಂಕ ಕೊಟ್ಟರೋ! ಮುಂದೆ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಕೇಸು ಬಂತು. ಅಲ್ಲಿ ಒಬ್ಬೊಬ್ಬನಿಗೆ ಎರಡು ಮೂರು ನಿಮಿಷದ ಸಂದರ್ಶನ. ಕೇಳಿದ್ದು ತಂದೆತಾಯಿ ಯಾರು, ವಾಸ ಎಲ್ಲಿ ಅಂತ. ಬಾಯಿಮಾತಿನ ಪರೀಕ್ಷೆಗೆ ನೂರಕ್ಕೆ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆ ನಡವಳಿಕೆ ಅಂತ 1981ರಲ್ಲಿ ಕೋರ್ಟು ಹೇಳಬೇಕಾಯಿತು. ಈಗ ಎಂ.ಬಿ.ಬಿ.ಎಸ್.ಗೆ ಸಂದರ್ಶನವಿಲ್ಲ. ಆದರೆ ಆ ರೂಮಿನ ಮಾತು ಸತ್ತಿಲ್ಲ. ಅಪ್ಪ ಯಾರು, ಊರು ಯಾವುದು ಅಂತ ಆಗ ಬಾಯಲ್ಲಿ ಕೇಳುತ್ತಿದ್ದರು, ಈಗ 'ಹಿನ್ನೆಲೆ' ಅಂತ ಕಾಗದದಲ್ಲಿ ಬರೆಯುತ್ತಾರೆ.

ಮೂರನೇ ವಾಕ್ಯ. ಇದೇ ಕಾಗದದ ಎದೆಗೂಡು. "ತಮ್ಮ ಹಿನ್ನೆಲೆಗೆ ಹೊಂದುವ ಬೇರೆ ಕೋರ್ಸು." ಈ ಮಾತನ್ನು ಎಲ್ಲೋ ಕೇಳಿದ್ದೀವಲ್ಲ ಅನ್ನಿಸುವುದಿಲ್ಲವೆ? ನಿನ್ನ ಹುಟ್ಟಿಗೆ ತಕ್ಕ ಕೆಲಸ ಮಾಡು ಅಂತ ಮನು ಹೇಳಿದ್ದನ್ನು ಇವರು ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದಾರೆ, ಅಷ್ಟೆ.

ಹಾಗಾದರೆ ನಮ್ಮ ಹಿನ್ನೆಲೆ ಯಾವುದು ಅಂತ ನಾವೇ ಹೇಳೋಣ. ನಮ್ಮ ತಾತ ಊರಿನ ಸತ್ತ ದನ ಹೊತ್ತವನು. ಯಾವ ಕೀಲು ಎಲ್ಲಿದೆ, ಯಾವ ನರ ಎಲ್ಲಿ ಹೋಗುತ್ತದೆ ಅಂತ ಅವನ ಚೂರಿಗೆ ಗೊತ್ತಿತ್ತು. ಅದಕ್ಕೆ ಊರು ಅವನನ್ನು ಹೊರಗಿಟ್ಟಿತು. 1836ರಲ್ಲಿ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಎಂಬ ಪಂಡಿತರು ಹೆಣ ಕೊಯ್ದರು. ಮಡಿ ಮುರಿದ ಧೀರ ಅಂತ ಚರಿತ್ರೆ ಅವರನ್ನು ಹೊಗಳಿತು. ಹೊಗಳಲಿ, ಅವರದು ಧೈರ್ಯವೇ. ಆದರೆ ಅದೇ ಕೆಲಸ ಒಬ್ಬನಿಗೆ ಕೀರ್ತಿ, ಇನ್ನೊಬ್ಬನಿಗೆ ಮೈಲಿಗೆ ಆದದ್ದು ಹೇಗೆ? ಇವತ್ತಿಗೂ ಆಸ್ಪತ್ರೆಯ ಶವಾಗಾರಕ್ಕೆ ಹೋಗಿ ನೋಡಿ. ಚೂರಿ ಹಿಡಿದು ಹೆಣ ಬಿಚ್ಚುವವನು ಎಷ್ಟೋ ಕಡೆ ನಮ್ಮವನು, ಮೂಗಿಗೆ ಬಟ್ಟೆ ಹಿಡಿದು ರಿಪೋರ್ಟಿಗೆ ಸಹಿ ಹಾಕುವವನು ಡಾಕ್ಟರು. ವಾರ್ಡು ಗುಡಿಸುವುದು, ಹೊಲಸು ಬಳಿಯುವುದು, ರಕ್ತದ ಬಟ್ಟೆ ಒಗೆಯುವುದು ನಮ್ಮ ಹಿನ್ನೆಲೆಗೆ ಹೊಂದುತ್ತದೆ. ಸ್ಟೆತಾಸ್ಕೋಪು ಮಾತ್ರ ಹೊಂದುವುದಿಲ್ಲ!

ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಶಾಲೆಗೆ ಹೋದವರಲ್ಲ. ಸಾವಿರಾರು ಹೆರಿಗೆ ಮಾಡಿಸಿದರು, ಒಂದು ಕಾಸು ಮುಟ್ಟಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು. ಯಾವ ಹಿನ್ನೆಲೆ, ಯಾವ ಕೋರ್ಸು? ಕೈಯಲ್ಲಿ ವಿದ್ಯೆ ಇರುವುದು ಜಾತಿ ನೋಡಿಕೊಂಡಲ್ಲ, ಡೊನೇಶನ್ ರಸೀದಿ ನೋಡಿಕೊಂಡೂ ಅಲ್ಲ.

ಇಷ್ಟು ಕೊಯ್ದ ಮೇಲೆ ಕಾಗದದಲ್ಲಿ ಉಳಿದದ್ದೇನು? ಒಂದೇ ಮಾತು: ಈ ವರ್ಷ ಈ ಕಾಲೇಜಿನಲ್ಲಿ ನಿನಗೆ ಸೀಟಿಲ್ಲ. ಅದು ಸುದ್ದಿ. ಅದು ನೋವಿನ ಸುದ್ದಿ, ಆದರೆ ಸುದ್ದಿ. ಉಳಿದದ್ದೆಲ್ಲ ಬೈಗುಳ. ಗೆಳೆಯರೆ, ನಾನು ಹೇಳಬೇಕೆಂದಿರುವುದು ಇಷ್ಟೇ: ಸುದ್ದಿಯನ್ನು ತಗೊಳ್ಳಿ, ಬೈಗುಳವನ್ನು ವಾಪಸ್ಸು ಕಳಿಸಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

ಬೈಗುಳ ವಾಪಸ್ಸು ಕಳಿಸುವ ಕಲೆ ಮೇಲಿನವರಿಗೆ ಚೆನ್ನಾಗಿ ಗೊತ್ತು. ಅವರಿಂದ ಇದೊಂದನ್ನು ಕಲಿಯಬೇಕು. 1951ರ ಚಂಪಕಂ ದೊರೈರಾಜನ್ ಕೇಸು ಕೇಳಿದ್ದೀರಲ್ಲ? ಮದ್ರಾಸಿನ ಮೆಡಿಕಲ್ ಸೀಟುಗಳಲ್ಲಿ ಜಾತಿವಾರು ಹಂಚಿಕೆ ತಮ್ಮ ಹಕ್ಕಿಗೆ ಅಡ್ಡ ಬಂತು ಅಂತ ಕೋರ್ಟಿಗೆ ಹೋದವರು. ಅವರು ಆ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಸೀಟು ಸಿಗಲಿಕ್ಕಿಲ್ಲ ಅಂತ ವಿಚಾರಿಸಿ ತಿಳಿದುಕೊಂಡಿದ್ದರು, ಅಷ್ಟೆ. ಆದರೂ ಕೋರ್ಟು ಕೇಳಿತು, ಸರ್ಕಾರದ ಆದೇಶ ಬಿದ್ದುಹೋಯಿತು. ಅದರಿಂದಲೇ, ಬಾಬಾಸಾಹೇಬರು ಕಾನೂನು ಮಂತ್ರಿಯಾಗಿದ್ದಾಗ, ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಬೇಕಾಯಿತು. ನೋಡಿ, ಕಾಗದವೇ ಬಾರದವರು ದೇಶದ ದೊಡ್ಡ ಕೋರ್ಟಿನ ಬಾಗಿಲು ತಟ್ಟಿದರು. ನಾವು ಕಾಗದ ಬಂದಮೇಲೂ ಕಂಬಳಿ ಹೊದ್ದು ಮಲಗುತ್ತೇವೆ. ಅವರಿಗೆ ಸೀಟು ಸಿಗದಿದ್ದರೆ ತಪ್ಪು ಕಾನೂನಿನದು. ನಮಗೆ ಸಿಗದಿದ್ದರೆ ತಪ್ಪು ನಮ್ಮದು. ಯಾರು ಕಲಿಸಿದರು ನಮಗಿದನ್ನ?

ಈಗ ಸ್ವಲ್ಪ ನಮ್ಮವರಿಗೂ ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಸಮಾಧಾನ ಹೇಳುವವರು ಎರಡು ಥರ. ಒಬ್ಬರು, "ಹೋಗಲಿ ಬಿಡಪ್ಪ, ಎಲ್ಲಾ ಒಳ್ಳೇದಕ್ಕೇ. ಡಾಕ್ಟರಾಗದಿದ್ದರೂ ಕವಿ ಆದೆಯಲ್ಲ" ಅನ್ನುವವರು. ನನಗೆ ಇಂಥವರ ಮೇಲೆ ಸಿಟ್ಟು ಬರುತ್ತದೆ. ನನ್ನ ಪದ್ಯ ಆ ಕಾಲೇಜಿನ ಉಪಕಾರವಲ್ಲ. ನಮ್ಮವ್ವ ಜ್ವರ ಬಂದು ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದಾಗ, ನಾಡಿ ಹಿಡಿಯದೆ, ಯಾವ ಕೇರಿ ಅಂತ ಕೇಳಿ, ಮೇಜಿನ ಆ ಕಡೆಯಿಂದಲೇ ಮಾತ್ರೆ ಬರೆದುಕೊಟ್ಟರು. ಅವತ್ತು ನಾನು ಡಾಕ್ಟರಾಗಬೇಕು ಅಂದುಕೊಂಡೆ. ನಮ್ಮವ್ವನ ಕೈ ಮುಟ್ಟುವ ಒಬ್ಬ ಡಾಕ್ಟರು ಬೇಕಾಗಿತ್ತು. ಎಷ್ಟು ಪದ್ಯ ಬರೆದರೂ ಆ ನಾಡಿ ಹಿಡಿದಂತಾಗುವುದಿಲ್ಲ. ಕಳೆದುಕೊಂಡದ್ದನ್ನು ಕಳೆದುಕೊಂಡೆ ಅಂತ ಹೇಳಲು ಬಿಡಿ.

ಇನ್ನೊಬ್ಬರು ನಮ್ಮ ಚಳವಳಿಯ ನಾಯಕರು. ಅಳುತ್ತಿರುವ ಹುಡುಗನ ಮುಂದೆ ನಿಂತು "ವ್ಯವಸ್ಥೆಯನ್ನು ಬದಲಾಯಿಸಬೇಕು ಕಾಮ್ರೇಡ್" ಅನ್ನುತ್ತಾರೆ. ಬದಲಾಯಿಸಬೇಕು, ಸರಿ. ಆದರೆ ಇವತ್ತು ರಾತ್ರಿ ಅವನ ಜೊತೆ ಮಲಗುವವರು ಯಾರು? 2017ರ ಸೆಪ್ಟೆಂಬರ್ 1ರಂದು ತಮಿಳುನಾಡಿನ ಅರಿಯಲೂರು ಜಿಲ್ಲೆಯ ಅನಿತಾ ತೀರಿಕೊಂಡಳು. ಕೂಲಿಕಾರನ ಮಗಳು, ದಲಿತರ ಹುಡುಗಿ. ಹನ್ನೆರಡನೇ ತರಗತಿಯಲ್ಲಿ 1,200ಕ್ಕೆ 1,176 ಅಂಕ ತೆಗೆದವಳು. ನೀಟ್ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋದವಳು. ಅವಳು ಸತ್ತ ಮೇಲೆ ಊರೂರಲ್ಲಿ ಮೆರವಣಿಗೆ ನಡೆಯಿತು. ಅವಳ ಭಾವಚಿತ್ರಕ್ಕೆ ನಾವೂ ಹೂವಿಟ್ಟೆವು. ನನಗೆ ಭಾವಚಿತ್ರ ಬೇಡ. ನನಗೆ ಅನಿತಾ ಬೇಕಾಗಿತ್ತು. ನಮ್ಮ ಸಿಟ್ಟಿಗೆ ಹುತಾತ್ಮರು ಬೇಕಾಗಿಲ್ಲ ಗೆಳೆಯರೆ, ಬದುಕಿ ಜಗಳವಾಡುವವರು ಬೇಕು. ಸತ್ತವರ ಪರವಾಗಿ ಆ ಕಾಗದಕ್ಕೆ ಉತ್ತರ ಬರೆಯಲು ಯಾರಿಂದಲೂ ಆಗುವುದಿಲ್ಲ.

ನಾನು ಹೇಗೆ ಹೊರಗೆ ಬಂದೆ ಅಂತ ಹೇಳುತ್ತೇನೆ. ಎರಡು ತಿಂಗಳಾದ ಮೇಲೆ ಅಣ್ಣ ಏನೋ ಹುಡುಕುತ್ತ ನನ್ನ ಟ್ರಂಕು ತೆಗೆದ. ಕಾಗದ ಕೈಗೆ ಸಿಕ್ಕಿತು. ಅವನು ಲಾ ಓದುತ್ತಿದ್ದ. ಓದಿದ, ಏನೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮೆಸ್ಸಿನ ಬೆಂಚು ಹತ್ತಿ ನಿಂತು ಜೋರಾಗಿ ಓದಲು ಶುರುಮಾಡಿದ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. 'ವಿಷಾದಿಸುತ್ತೇವೆ' ಅಂದ ಕೂಡಲೆ ಹಿಂದಿನ ಬೆಂಚಿನಿಂದ ಯಾರೋ "ಪಾಪ, ಊಟ ಬಿಟ್ಟಿರಬೇಕು" ಅಂದ. ಮೆಸ್ಸೆಲ್ಲ ನಕ್ಕಿತು. 'ಗಂಭೀರತೆ' ಅಂದಾಗ ಅಡಿಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. 'ಹಿನ್ನೆಲೆ' ಅಂದಾಗ ಯಾರೂ ನಗಲಿಲ್ಲ. ತಟ್ಟೆಯ ಸದ್ದೂ ನಿಂತುಹೋಯಿತು. ಅಣ್ಣ ನನ್ನ ಕಡೆ ತಿರುಗಿ ಹೇಳಿದ: "ಲೇ, ಇದು ನಿನಗೆ ಬಂದ ಕಾಗದ ಅಲ್ಲ ಕಣೋ. ನಮಗೆಲ್ಲ ಬಂದದ್ದು. ನೀನೊಬ್ಬನೇ ಯಾಕೋ ಇಟ್ಟುಕೊಂಡಿದ್ದೀಯ?"

ಆಮೇಲೆ ಒಬ್ಬ ಎದ್ದು ರೂಮಿಗೆ ಹೋಗಿ ತನ್ನ ಕಾಗದ ತಂದ. ಬ್ಯಾಂಕಿನ ಸಾಲ ನಿರಾಕರಿಸಿದ್ದು. ಇನ್ನೊಬ್ಬ ತಂದ, ಕನ್ನಡ ಮಾಧ್ಯಮದ ಕೋಟಾ ತಳ್ಳಿಹಾಕಿದ್ದು, ಒಂದು ವರ್ಷದ ವ್ಯಾಸಂಗ ಪತ್ರಕ್ಕೆ ಸೀಲಿಲ್ಲ ಅಂತ. ರಾತ್ರಿ ಹತ್ತರ ಹೊತ್ತಿಗೆ ಮುದ್ದೆ ತಟ್ಟೆಗಳ ನಡುವೆ ಏಳು ಕಾಗದ ಬಿದ್ದಿದ್ದವು. ಏಳರಲ್ಲೂ ಅದೇ ವಿಷಾದ. ಏಳು ಮಂದಿ ಏಳು ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡು, ತಾನೊಬ್ಬನೇ ದಡ್ಡ ಅಂತ ಏಳು ಕಂಬಳಿ ಹೊದ್ದು ಮಲಗಿದ್ದೆವು. ಒಂದೇ ಹಾಸ್ಟೆಲಿನಲ್ಲಿ!

ಮಾರನೇ ದಿನ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅವ್ರು ಬ್ಯಾಡ ಅಂದ್ರೆ ನೀನು ಬ್ಯಾಡದವ್ನು ಆಯ್ತೀಯೇನ್ಲಾ? ಊರೋರು ನಮ್ಮುನ್ನ ಎಷ್ಟ್ ತಲೆಮಾರಿಂದ ಬ್ಯಾಡ ಅಂದವ್ರೆ. ನಾವು ಇಲ್ವಾ?" ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ.

ಆದ್ದರಿಂದ ಏನು ಮಾಡಬೇಕು ಅಂತ ನಾಲ್ಕು ಮಾತು.

ಒಂದು. ಕಾಗದವನ್ನು ಒಬ್ಬರೇ ಓದಬೇಡಿ. ಮೆಸ್ಸಿನಲ್ಲಿ ಜೋರಾಗಿ ಓದಿ. ಕತ್ತಲಲ್ಲಿ ಒಬ್ಬನೇ ಓದಿದರೆ ಅದು ತೀರ್ಪು. ಹತ್ತು ಜನರ ನಡುವೆ ಓದಿದರೆ ಬರೀ ಕಾಗದ.

ಎರಡು. ಮನೆಗೆ ಹೇಳಿ. ಸುಳ್ಳು ಹೇಳಿದ ಒಂದೊಂದು ವಾರಕ್ಕೂ ಬಡ್ಡಿ ಬೆಳೆಯುತ್ತದೆ. ಬೆವರು ಸುರಿಸಿ ನಮ್ಮನ್ನು ಓದಿಸಿದವರು ಈ ಮಾತಿಗೆ ಮುರಿದುಹೋಗುವಷ್ಟು ಮೆತ್ತಗಿಲ್ಲ.

ಮೂರು. ಉತ್ತರ ಬರೆಯಿರಿ, ಲೆಕ್ಕ ಕೇಳಿ. ಮೀಸಲು ಸೀಟು ಎಷ್ಟಿತ್ತು, ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು, ಉಳಿದ ಸೀಟು ಏನಾಯಿತು ಅಂತ ಪರೀಕ್ಷಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 2005ರ ಕಾಯಿದೆ ಅದು. ಹತ್ತು ರೂಪಾಯಿ ಶುಲ್ಕ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಲಿ. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. 'ಸಮಯ ಮುಗಿದಿದೆ' ಎಂಬ ಮಾತೂ ಕಲ್ಲಿನ ಮೇಲಿನ ಶಾಸನವಲ್ಲ. 2024ರಲ್ಲಿ ಉತ್ತರ ಪ್ರದೇಶದ ಕೂಲಿಕಾರನೊಬ್ಬನ ಮಗ, ದಲಿತ ಹುಡುಗ, ಧನ್‌ಬಾದಿನ ಐಐಟಿ ಸೀಟಿಗೆ 17,500 ರೂಪಾಯಿಯನ್ನು ಗಡುವಿನೊಳಗೆ ಕಟ್ಟಲಾಗದೆ ಸೀಟು ಕಳೆದುಕೊಂಡ. ಬಿಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದ, ಸೀಟು ವಾಪಸ್ಸು ಪಡೆದ. ಎಲ್ಲರಿಗೂ ಹೀಗಾಗುತ್ತದೆ ಅಂತ ನಾನು ಸುಳ್ಳು ಆಸೆ ತೋರಿಸುವುದಿಲ್ಲ. ಕೇಳದೆ ಇದ್ದರೆ ಯಾರಿಗೂ ಆಗುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ಇನ್ನೊಂದು ವರ್ಷ ಓದಿ ಬರೆಯುವವರು ಬರೆಯಿರಿ. ಬೇರೆ ಕಡೆ ಹೋಗುವವರು ತಲೆ ಎತ್ತಿಕೊಂಡು ಹೋಗಿ. ಆ ತೀರ್ಮಾನ ನಿಮ್ಮದಾಗಿರಲಿ, ಕಾಗದದ್ದಾಗುವುದು ಬೇಡ.

ನಾಲ್ಕು. ಕಂಬಳಿ ಎಳೆದುಕೊಂಡವನನ್ನು ಒಬ್ಬನೇ ಬಿಡಬೇಡಿ. "ಸಾಯಬೇಕು ಅನ್ನಿಸ್ತದೆ" ಅಂತ ಅವನು ತಮಾಷೆಗೆ ಅಂದರೂ ತಮಾಷೆ ಅಂದುಕೊಳ್ಳಬೇಡಿ. ನೇರವಾಗಿ ಕೇಳಿ, ಪಕ್ಕದಲ್ಲೇ ಮಲಗಿ. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರಿದೆ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಸಹಾಯ ಕೇಳುವುದು ಸೋಲಲ್ಲ.

ಇನ್ನು ಕಾಗದ ಕಳಿಸುವವರಿಗೆ ನಮ್ಮ ಒತ್ತಾಯ. ಸೀಟಿಲ್ಲದಿದ್ದರೆ ಸೀಟಿಲ್ಲ ಅಂತ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಎಷ್ಟು ಸೀಟು, ಕೊನೆಯ ರ‍್ಯಾಂಕು ಎಷ್ಟು, ಯಾರಿಗೆ ಮೇಲ್ಮನವಿ ಹಾಕಬೇಕು ಅಂತ ಬರೆಯಿರಿ. ಹೆಸರನ್ನು ಸರಿಯಾಗಿ ಬರೆದು, ಕೈಯಾರೆ ಸಹಿ ಹಾಕಿ. ನಮ್ಮ ಹಿನ್ನೆಲೆಯ ಸುದ್ದಿಗೆ ಬರಬೇಡಿ. ಸರ್ಕಾರಿ ಮೆಡಿಕಲ್ ಸೀಟು ಹೆಚ್ಚಾಗಬೇಕು, ಖಾಸಗಿ ಸೀಟಿನ ವ್ಯಾಪಾರ ನಿಲ್ಲಬೇಕು, ಹಾಸ್ಟೆಲುಗಳಲ್ಲೇ ಒಳ್ಳೇ ಕೋಚಿಂಗ್ ಸಿಗಬೇಕು. ಇದು ಭಿಕ್ಷೆಯಲ್ಲ, ಬಾಕಿ.

ಆ ಕಾಲೇಜಿಗೆ ನಾನು ಅವತ್ತು ಉತ್ತರ ಬರೆಯಲಿಲ್ಲ. ಇವತ್ತು ಬರೆಯುತ್ತೇನೆ. ಬೇಕಾದವರು ಇದನ್ನೇ ನಕಲು ಮಾಡಿ ಕಳಿಸಬಹುದು:

"ಮಾನ್ಯರೆ, ತಮ್ಮ ಕಾಗದ ತಲುಪಿತು. ಸೀಟಿಲ್ಲ ಎಂಬ ಸುದ್ದಿಯನ್ನು ಇಟ್ಟುಕೊಂಡಿದ್ದೇನೆ. ಉಳಿದ ಮಾತುಗಳು ನನಗೆ ಸೇರಿದವಲ್ಲವಾದ್ದರಿಂದ ಇದರೊಂದಿಗೆ ವಾಪಸ್ಸು ಕಳಿಸಿದ್ದೇನೆ. ತಮ್ಮ ವಿಷಾದವೂ ಅದರಲ್ಲೇ ಇದೆ. ಎಣಿಸಿಕೊಳ್ಳಿ."

ಈ ವರ್ಷ ಕಾಗದ ಬಂದವರೆ, ಟ್ರಂಕು ತೆಗೆಯಿರಿ. ಕಾಗದ ಹಿಡಿದು ಮೆಸ್ಸಿಗೆ ಬನ್ನಿ. ಮುದ್ದೆ ತಣ್ಣಗಾಗುವ ಮೊದಲು ಬನ್ನಿ.

ಜೈ ಭೀಮ್.